ಕಿಟಕಿಯ ಕೆಳಗೆ ಚೆಲ್ಲಿದ ಹಸಿರು

ಬೀದಿಗೆಲ್ಲ ಅವನು ಚೊಕ್ಕಣ್ಣ. ಬೇರೆ ಹೆಸರೊಂದು ಇದ್ದಿರಬೇಕು, ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿದ್ದನೋ ಇಲ್ಲವೋ. ಮನೆಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಬಣ್ಣ ಹೊಡೆಯುವವರನ್ನು ಸಾಮಾನ್ಯವಾಗಿ ದೂರದಿಂದಲೇ ಗುರುತು ಹಿಡಿಯಬಹುದು: ಕೂದಲಲ್ಲಿ ಸುಣ್ಣ, ಉಗುರಿನ ಸಂದಿಯಲ್ಲಿ ಎನಾಮಲ್, ಚಪ್ಪಲಿಯ ಮೇಲೆ ಊರಿನ ಅರ್ಧ ಮನೆಗಳ ಬಣ್ಣ. ಚೊಕ್ಕಣ್ಣ ಮಾತ್ರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿ, ಸಂಜೆ ಅದೇ ಬಿಳಿ ಅಂಗಿಯಲ್ಲಿ ಮನೆಗೆ ಬರುತ್ತಿದ್ದ. ಪಕ್ಕದ ಮನೆಯವರಾದ ನಾವು, ಇವನು ಕೆಲಸಕ್ಕೆ ಹೋಗಿದ್ದನೋ ಯಾರದೋ ಮದುವೆಗೆ ಹೋಗಿದ್ದನೋ ಎಂದು ನಗುತ್ತಿದ್ದೆವು.

ಆ ಹೆಮ್ಮೆ ಬರೀ ಅಂಗಿಗೆ ನಿಂತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವನ ಹೆಂಡತಿಯ ತಮ್ಮನೂ ಅವನ ಜೊತೆಗೇ ಬಣ್ಣದ ಕೆಲಸಕ್ಕಿದ್ದ. ಒಂದು ದಿನ ಯಾರದೋ ಮನೆಯ ಮೆಟ್ಟಿಲ ಮೇಲೆ ಅವನ ಕೈಯಿಂದ ಬಣ್ಣ ಚೆಲ್ಲಿತು. ಅವನು ಒರೆಸುತ್ತ ಕೂತಿರುವಾಗಲೇ ಚೊಕ್ಕಣ್ಣ ಬಂದ. ಮನೆಯವರು, ಗಾರೆ ಕೆಲಸದವರು, ನಲ್ಲಿ ರಿಪೇರಿಗೆ ಬಂದವನು, ಎಲ್ಲರ ಎದುರಿಗೆ, ಕೈಯಲ್ಲಿ ಹಿಡಿತ ಇಲ್ಲದವನು ಬ್ರಷ್ ಯಾಕೆ ಹಿಡೀತೀಯ ಎಂದು ಶುರು ಮಾಡಿ ಕಾಲು ಗಂಟೆ ಬೈದ. ಬಾವಮೈದ ಮೆಟ್ಟಿಲನ್ನು ಪೂರ್ತಿ ಒರೆಸಿ, ಬ್ರಷ್ ತೊಳೆದಿಟ್ಟು ಹೋದವನು ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಊರಿನ ಆ ತುದಿಯಲ್ಲಿದ್ದ ಕಾರ್ಪೆಟ್ ತೊಳೆಯುವ ಕಾರ್ಖಾನೆ ಸೇರಿಕೊಂಡ. ಅಕ್ಕನನ್ನು ನೋಡಲು ಬಂದಾಗ ಭಾವನ ಜೊತೆ ಅವನದು ಊಟ ಆಯ್ತಾ, ಬಿಸಿಲು ಜಾಸ್ತಿ ಎಂಬಷ್ಟೇ ಮಾತು. ಚೊಕ್ಕಣ್ಣನಿಗೂ ಅದರಿಂದ ಏನೂ ಅನ್ನಿಸಿರಲಿಲ್ಲ. ಹೇಳಬೇಕಾದ್ದನ್ನು ಹೇಳಿದ್ದೇನೆ ಎಂದುಕೊಂಡಿದ್ದ.

ಐವತ್ತಾರು ತುಂಬುವ ಹೊತ್ತಿಗೆ ಅವನ ಬಲಗೈ ನಡುಗತೊಡಗಿತು. ಮೊದಮೊದಲು ಟೀ ಲೋಟ ಹಿಡಿದಾಗ ಮಾತ್ರ. ಆಮೇಲೆ ಬೀಗಕ್ಕೆ ಕೀಲಿ ಹಾಕುವಾಗ. ಹೆಂಡತಿಗೂ ಹೇಳಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಗೋಡೆಗೆ ರೋಲರ್ ಎಳೆಯುವಾಗ ಏನೂ ತಿಳಿಯುತ್ತಿರಲಿಲ್ಲ, ಕಿಟಕಿಯ ಚೌಕಟ್ಟಿಗೆ ಸಣ್ಣ ಬ್ರಷ್ ಹಿಡಿದಾಗ ಮಾತ್ರ ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿಯಬೇಕಾಗುತ್ತಿತ್ತು. ಯಾರಾದರೂ ನೋಡಿದರೆ, ಇದು ಹಳೇ ಕಾಲದ ಪದ್ಧತಿ, ಗೆರೆ ನೇರ ಬರತ್ತೆ ಎನ್ನುತ್ತಿದ್ದ.

ಹಾಗಿರುವಾಗ ಮೇಷ್ಟ್ರ ಮನೆಯ ಕೆಲಸ ಬಂತು. ಮೇಷ್ಟ್ರು ಮೂವತ್ತೈದು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಬೋರ್ಡಿನ ಮೇಲೆ ಖಂಡಗಳನ್ನು ಪುಸ್ತಕ ನೋಡದೆ ಬರೆಯುತ್ತಿದ್ದವರಿಗೆ ಈಗ ತಮ್ಮ ಮನೆಯ ಬಚ್ಚಲು ಎಡಕ್ಕೋ ಬಲಕ್ಕೋ ಎಂಬುದು ಕೆಲವು ದಿನ ಮರೆತುಹೋಗುತ್ತಿತ್ತು. ಅವರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು, ಹಾಗಾಗಿ ಎಲ್ಲರ ಬಾಯಲ್ಲಿ ಅಂಚೆಯಮ್ಮ. ಅವರ ನಡುಮನೆಯಲ್ಲಿ ತಿಳಿ ಬೂದು ಬಣ್ಣದ ಉಣ್ಣೆಯ ಕಾರ್ಪೆಟ್ ಇತ್ತು. ನಿವೃತ್ತಿಯಾದ ವಾರ ಅಂಚೆಯಮ್ಮ ತಾವೇ ಅಂಗಡಿಗೆ ಹೋಗಿ ಆರಿಸಿ ತಂದದ್ದು. ಬೇರೆ ಯಾರಿಗೂ ಅಲ್ಲ, ತನಗೋಸ್ಕರ ಅಂತ ತಂದದ್ದು ಅದೊಂದೇ ಎಂದು ಅವರೇ ಹೇಳುತ್ತಿದ್ದರು.

ಕೆಲಸ ಶುರುವಾಗುವ ಮೊದಲು ಅದನ್ನು ಸುತ್ತಿಡೋಣವೇ ಎಂದು ಅವರು ಕೇಳಿದರು. ಒಂದು ಅಂಚಿನ ಮೇಲೆ ಪುಸ್ತಕದ ಬೀರು ಕೂತಿತ್ತು, ಅದನ್ನು ಖಾಲಿ ಮಾಡಿ ಸರಿಸಬೇಕಿತ್ತು. ಚೊಕ್ಕಣ್ಣ ಬೇಡವೇ ಬೇಡ ಎಂದ. ನಾನು ಕೆಲಸ ಮಾಡುವಾಗ ಕೆಳಗೆ ಹಾಲಿನ ಪಾತ್ರೆ ಇಟ್ಟರೂ ಹಾಲು ಬಿಳೀನೇ ಇರತ್ತೆ ಅಂದ. ಅಂಚೆಯಮ್ಮ ನಕ್ಕು ಒಪ್ಪಿದರು. ಅವನು ಮೇಲೆ ಒಂದು ಹಳೆಯ ಹೊದಿಕೆ ಹಾಸಿ ಕೆಲಸ ಹಿಡಿದ.

ಕೊನೆಯ ದಿನ ಕಿಟಕಿಯ ಚೌಕಟ್ಟಿಗೆ ಹಸಿರು ಎನಾಮಲ್ ಹಚ್ಚುವುದಷ್ಟೇ ಉಳಿದಿತ್ತು. ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ನೋಡಲು ಹೋಗಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಡಬ್ಬವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ ಒಂದು ಗಳಿಗೆಯಲ್ಲಿ ಕೈ ಥರಥರ ಅಲುಗಿ ಡಬ್ಬ ವಾಲಿತು. ಬಣ್ಣ ಹೊದಿಕೆಯ ಅಂಚಿನಾಚೆ, ಸರಿಯಾಗಿ ಬೂದು ಉಣ್ಣೆಯ ಮೇಲೆ ಬಿತ್ತು. ಅಂಗೈಯಗಲದಷ್ಟು. ಅವನು ಏಣಿಯಿಂದ ಇಳಿದು ಸಿಕ್ಕಿದ ಬಟ್ಟೆಯಲ್ಲಿ ಉಜ್ಜಿದ. ಉಜ್ಜಿದಷ್ಟೂ ಅದು ಹರಡಿ ತಟ್ಟೆಯಷ್ಟಾಯಿತು. ಮೂವತ್ತು ವರ್ಷ ಬೇರೆಯವರಿಗೆ ಬಣ್ಣ ಚೆಲ್ಲಬೇಡಿ ಎಂದು ಹೇಳಿದವನಿಗೆ, ಚೆಲ್ಲಿದರೆ ತೆಗೆಯುವುದು ಹೇಗೆಂಬುದು ಗೊತ್ತೇ ಇರಲಿಲ್ಲ.

ಹೊರಗೆ ಗೇಟಿನ ಸದ್ದಾಯಿತು. ಅದು ಪಕ್ಕದ ಮನೆಯ ಗೇಟು. ಅಷ್ಟರಲ್ಲಿ ಅವನ ಕೈಗಳು ಸೋಫಾ ಹಿಡಿದು ಕಿಟಕಿಯ ಕಡೆ ಒಂದು ಮೊಳ ಎಳೆದಾಗಿತ್ತು. ಕಲೆ ಸೋಫಾದ ಅಡಿಗೆ ಹೋಯಿತು. ಆ ಕೆಲಸ ಮಾಡುವಾಗ ಕೈ ಒಂದಿಷ್ಟೂ ನಡುಗಲಿಲ್ಲ ಎಂದು ಅವನು ಎಷ್ಟೋ ದಿನದ ಮೇಲೆ ನನಗೆ ಹೇಳಿದಾಗ ನನ್ನ ಮುಖ ನೋಡಲಿಲ್ಲ.

ಅಂಚೆಯಮ್ಮ ಬಂದು ಗೋಡೆ ನೋಡಿದರು, ಕಿಟಕಿ ನೋಡಿದರು, ಕಾರ್ಪೆಟ್ ನೋಡಿದರು. ನಿಮ್ಮಂಥವರು ಊರಿಗೆ ಇಬ್ಬರಿದ್ದರೆ ಸಾಕು ಎಂದರು. ಸೋಫಾ ಸರಿದದ್ದನ್ನೂ ಗಮನಿಸಿದರು. ಅದೂ ಒಳ್ಳೆಯದೇ ಆಯಿತಂತೆ, ಮೇಷ್ಟ್ರಿಗೆ ಪೇಪರ್ ಓದಲು ಬೆಳಕು ಸಿಗುತ್ತದಂತೆ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಚೊಕ್ಕಣ್ಣ ಏಣಿ ಮಡಚಿದ. ಉಳಿದ ಅರ್ಧ ಡಬ್ಬ ಹಸಿರು ಬಣ್ಣವನ್ನು, ಹೂಕುಂಡಗಳಿಗೆ ಬಳಿಯಲು ಬೇಕು ಎಂದು ಮೇಷ್ಟ್ರು ಕೇಳಿದರು. ಕೊಟ್ಟು ಹೊರಟ.

ಆಮೇಲೆ ಎರಡು ತಿಂಗಳು ಅವನು ಆ ಬೀದಿಯಲ್ಲಿ ಹೋಗಲಿಲ್ಲ. ಮಾರುಕಟ್ಟೆಗೆ ಸುತ್ತು ಹಾಕಿ ಹೋಗುತ್ತಿದ್ದ. ಯಾಕೆ ರೀ ಇಷ್ಟು ಹೊತ್ತು ಎಂದು ಹೆಂಡತಿ ಕೇಳಿದರೆ ರಸ್ತೆ ಅಗೆದಿದ್ದಾರೆ ಅನ್ನುತ್ತಿದ್ದ. ಎರಡು ತಿಂಗಳಿಂದ ಅಗೀತಾ ಇದಾರಾ, ಬಾವಿ ತೋಡ್ತಿದಾರಾ ಎಂದು ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಅಂಚೆಯಮ್ಮನ ಫೋನ್ ಬಂತು. ವಿಷಯ ಗೊತ್ತಾಗಿದೆ ಎಂದುಕೊಂಡೇ ಎತ್ತಿದ. ಆದರೆ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಗುಡಿಸಲೆಂದು ಸೋಫಾ ಸರಿಸಿದರೆ ಕಾರ್ಪೆಟ್ ಮೇಲೆ ಹಸಿರು ಬಣ್ಣ ಒಣಗಿ ಕಲ್ಲಾಗಿದೆ, ಇವರೇ ಕಿಟಕಿಯ ಬಳಿ ಕೂತು ಕುಂಡಕ್ಕೆ ಬಳಿಯುವಾಗ ಚೆಲ್ಲಿ, ನನಗೆ ಗೊತ್ತಾಗದಿರಲೆಂದು ಸೋಫಾವನ್ನು ಇನ್ನಷ್ಟು ಅದರ ಮೇಲಕ್ಕೆ ಎಳೆದಿದ್ದಾರೆ, ಬಣ್ಣದ ವಿಷಯ ನಿಮಗೆ ಗೊತ್ತು, ಬಂದು ನೋಡುತ್ತೀರಾ ಎಂದರು.

ಅವನು ಹೋದ. ದಾರಿಯುದ್ದಕ್ಕೂ ಹೇಳಿಬಿಡುತ್ತೇನೆ ಎಂದುಕೊಂಡೇ ಹೋದ. ಬಾಗಿಲು ತೆರೆದವರು ಮೇಷ್ಟ್ರು. ಅವರು ಚೊಕ್ಕಣ್ಣನ ಬಿಳಿ ಅಂಗಿಯನ್ನು ನೋಡಿ, ಅವನನ್ನು ಯಾರೋ ಅಧಿಕಾರಿ ಎಂದುಕೊಂಡಂತೆ ಎರಡು ಹೆಜ್ಜೆ ಹಿಂದೆ ಸರಿದರು. ಅಂಚೆಯಮ್ಮ ಬಂದು, ಇವರು ಪೈಂಟರ್, ಕಲೆ ನೋಡೋಕೆ ಬಂದಿದಾರೆ ಎಂದು ಹೇಳಿದ ಮೇಲೆ ಮೇಷ್ಟ್ರ ಮುಖ ಇಳಿದುಹೋಯಿತು.

"ನನ್ನಿಂದ ತಪ್ಪಾಗಿದೆಯಪ್ಪಾ," ಎಂದರು. "ಯಾವಾಗ ಚೆಲ್ಲಿದ್ನೋ ನೆನಪಿಲ್ಲ. ಚೆಲ್ಲಿದ್ದು ಸರಿ, ಬಚ್ಚಿಡೋದು ಯಾಕೆ ಅಂತ ಇವಳು ಕೇಳ್ತಾಳೆ. ನಾನು ಅಂಥವನಲ್ಲ ಅಂತ ಹೇಳೋಣ ಅಂದ್ರೆ, ನೆನಪೇ ಇಲ್ದೆ ಇದ್ದ ಮೇಲೆ ಏನಂತ ಹೇಳಲಿ?"

ಮೇಷ್ಟ್ರು ತಲೆ ತಗ್ಗಿಸಿ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗರು ಅವರೆದುರು ನಿಲ್ಲುತ್ತಿದ್ದಂತೆಯೇ ಕೈ ಕಟ್ಟಿ ನಿಂತಿದ್ದರು. ಅಂಚೆಯಮ್ಮ ಅವನನ್ನು ಪಕ್ಕಕ್ಕೆ ಕರೆದು, ಇವರ ಬ್ರಷ್ಷು ಬಣ್ಣ ಎಲ್ಲ ಅಟ್ಟಕ್ಕೆ ಹಾಕಿ ಬೀಗ ಹಾಕಿದ್ದೇನೆ, ಕುಂಡಗಳು ಅರ್ಧ ಹಸಿರು ಅರ್ಧ ಮಣ್ಣಾಗಿ ನಿಂತಿವೆ, ದಿನವಿಡೀ ಸುಮ್ಮನೆ ಕೂರುತ್ತಾರೆ, ಏನು ಮಾಡಲಿ ಎಂದು ಮೆಲ್ಲಗೆ ಹೇಳಿದರು. ಅವನ ಬಾಯಿಂದ ಬಂದದ್ದು ಒಂದೇ ಮಾತು: ತೆಗೆದುಕೊಡ್ತೀನಮ್ಮ, ಎರಡು ದಿನ ಸಮಯ ಕೊಡಿ. ಅಂಚೆಯಮ್ಮ ಕೈ ಮುಗಿದರು. ಆ ಮುಗಿದ ಕೈ ನೋಡಿ ಅವನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ತೆಗೆಯುವ ವಿದ್ಯೆ ಊರಿನಲ್ಲಿ ಯಾರಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಮರುದಿನ ಬಸ್ಸು ಹಿಡಿದು ಕಾರ್ಪೆಟ್ ತೊಳೆಯುವ ಕಾರ್ಖಾನೆಗೆ ಹೋದ. ದೊಡ್ಡ ಅಂಗಳ, ಇಳಿಜಾರಾದ ಸಿಮೆಂಟ್ ನೆಲ, ಅದರ ಮೇಲೆ ನೊರೆ ಹರಿಯುತ್ತಿತ್ತು. ಕಂಬಿಗಳ ಮೇಲೆ ಒದ್ದೆ ಕಾರ್ಪೆಟ್‌ಗಳು ನೇತಾಡುತ್ತಿದ್ದವು. ಬಾವಮೈದ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು ನೀರು ಹಿಂಡುತ್ತಿದ್ದ. ಭಾವನನ್ನು ನೋಡಿ ಮೊದಲು, ಅಕ್ಕ ಹುಷಾರಾಗಿದಾಳಾ ಎಂದು ಗಾಬರಿಯಿಂದ ಕೇಳಿದ. ಹನ್ನೊಂದು ವರ್ಷದಲ್ಲಿ ಚೊಕ್ಕಣ್ಣ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಒಂದು ಕಲೆ ತೆಗೆಯಬೇಕಿತ್ತು, ಉಣ್ಣೆಯದು, ಎಣ್ಣೆ ಬಣ್ಣ, ಎರಡು ತಿಂಗಳಾಗಿದೆ ಎಂದ ಚೊಕ್ಕಣ್ಣ. ನಾನು ತಿನ್ನರ್ ಸುರಿದು ಉಜ್ಜೋಣ ಅಂತಿದ್ದೆ ಎಂದೂ ಸೇರಿಸಿದ.

ಬಾವಮೈದ ತಲೆ ಅಲ್ಲಾಡಿಸಿದ. ತಿನ್ನರ್ ಸುರಿದರೆ ಬಣ್ಣದ ಜೊತೆ ಕಾರ್ಪೆಟ್ಟೂ ಹೋಗುತ್ತದೆ, ಹಿಂಬದಿಯ ಅಂಟು ಕರಗಿ ಉಣ್ಣೆ ಕಿತ್ತು ಬರುತ್ತದೆ ಎಂದ. ಒಂದು ಹಳೆಯ ತುಂಡು ತಂದು ನೆಲದ ಮೇಲೆ ಹಾಸಿ ತೋರಿಸಿದ. ಮೊದಲು ಒಣಗಿದ ಗಟ್ಟಿಯನ್ನು ಇಕ್ಕಳದಿಂದ ಹಿಸುಕಿ ಪುಡಿ ಮಾಡಬೇಕು, ಮೊಂಡು ಚಾಕುವಿನಿಂದ ಮೆಲ್ಲಗೆ ಕೆರೆದು ಪುಡಿ ಎತ್ತಬೇಕು. ಆಮೇಲೆ ಬಿಳಿ ಬಟ್ಟೆಗೆ ಟರ್ಪೆಂಟೈನ್ ಹಚ್ಚಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತ ಬರಬೇಕು. ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು. ಬಟ್ಟೆಗೆ ಬಣ್ಣ ಹತ್ತಿದ ಕೂಡಲೇ ಬೇರೆ ಬಟ್ಟೆ. ಕೊನೆಗೆ ಪಾತ್ರೆ ತೊಳೆಯುವ ಸೋಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಅದರಿಂದ ಒತ್ತಿ, ಬರೀ ನೀರಿನಿಂದ ಒತ್ತಿ, ಒಣ ಟವೆಲ್ ಹಾಕಿ ಮೇಲೆ ಭಾರ ಇಡಬೇಕು.

"ಉಜ್ಜಬಾರದು ಭಾವ," ಎಂದ. "ಒತ್ತಬೇಕು, ಎತ್ತಬೇಕು. ಅವಸರ ಮಾಡಿದವರದ್ದೆಲ್ಲ ಆಮೇಲೆ ನಮ್ಮ ಹತ್ರಾನೇ ಬರತ್ತೆ."

ಚೊಕ್ಕಣ್ಣ ತಾನೂ ಮಾಡಿ ನೋಡಲು ಬಟ್ಟೆ ಹಿಡಿದ. ಬಟ್ಟೆ ನಡುಗಿತು. ಬಾವಮೈದ ಕೈಯನ್ನೇ ನೋಡಿದ. ಯಾರು ಚೆಲ್ಲಿದ್ದು ಎಂದು ಅಲ್ಲಿಯವರೆಗೆ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ. ಚೊಕ್ಕಣ್ಣನೇ ಹೇಳಿದ.

"ಚೆಲ್ಲಿದ್ದು ನಾನೇ ಕಣೋ. ಸೋಫಾ ಎಳೆದು ಮುಚ್ಚಿ ಬಂದೆ. ಪಾಪ ಆ ಮುದುಕರು ತಾವೇ ಚೆಲ್ಲಿದ್ದು ಅಂದ್ಕೊಂಡಿದಾರೆ."

ಬಾವಮೈದ ಕಾಲ ಬಳಿಯ ನೊರೆಯನ್ನು ಬೂಟಿನಿಂದ ಇಳಿಜಾರಿಗೆ ತಳ್ಳಿದ. ಚೊಕ್ಕಣ್ಣ ಇದನ್ನು ಹೇಳುವಾಗ, ಆ ದಿನ ಮೆಟ್ಟಿಲ ಮೇಲೆ ನೀನು ಬೈದದ್ದು ಅವನಿಗೆ ನೆನಪಾಗಿರಬೇಕಲ್ಲ ಎಂದು ನಾನು ಕೇಳಿದೆ. ಅವನಿಗೆ ನೆನಪಾಯಿತೋ ಇಲ್ಲವೋ, ನನಗಂತೂ ಒಂದೊಂದು ಮಾತೂ ನೆನಪಾಯಿತು ಎಂದ. ಅಂದು ಬಾವಮೈದ ಓಡಿಹೋಗಿರಲಿಲ್ಲ, ಮುಚ್ಚಿಟ್ಟಿರಲಿಲ್ಲ, ಅಷ್ಟು ಜನರೆದುರು ಕೂತು ಒರೆಸಿದ್ದ. ಕ್ಷಮಿಸು ಎನ್ನುವ ಬದಲು ಚೊಕ್ಕಣ್ಣ ಆ ಹಳೆಯ ತುಂಡನ್ನು ಮಡಚಿ ಪಕ್ಕಕ್ಕಿಟ್ಟ. ಬಾವಮೈದ ಒಂದು ಕಟ್ಟು ಬಿಳಿ ಬಟ್ಟೆ ಕೊಟ್ಟು, ನಾನೇ ಬಂದು ಮಾಡಿಕೊಡಲಾ ಎಂದ. ಬೇಡ, ನಾನೇ ಮಾಡಬೇಕು ಎಂದು ಚೊಕ್ಕಣ್ಣ ಬಸ್ ಹತ್ತಿದ.

ಮೂರು ಮಧ್ಯಾಹ್ನ ಹಿಡಿಯಿತು. ಮೊದಲ ದಿನ ಬರೀ ಪುಡಿ ಮಾಡುವುದರಲ್ಲೇ ಹೋಯಿತು. ಹಸಿರು ಚೂರುಗಳು ಉಣ್ಣೆಯ ಬುಡದಲ್ಲಿ ಅಕ್ಕಿಯಲ್ಲಿ ಸೇರಿದ ಕಲ್ಲಿನಂತೆ ಕೂತಿದ್ದವು. ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪ್ರತಿ ಹತ್ತು ನಿಮಿಷಕ್ಕೊಮ್ಮೆ, ನನ್ನಿಂದ ನಿಮಗೆ ತೊಂದರೆ ಎಂದರು. ಪ್ರತಿ ಸಲವೂ ಚೊಕ್ಕಣ್ಣ ಇನ್ನಷ್ಟು ಬಗ್ಗಿ ಕೆರೆದ.

ಎರಡನೆಯ ದಿನ ಅಂಚೆಯಮ್ಮ ತರಕಾರಿಗೆ ಹೋಗಿದ್ದಾಗ, ಬಟ್ಟೆ ಒತ್ತುತ್ತಲೇ ಅವನು ಬಾಯಿಬಿಟ್ಟ.

"ಮೇಷ್ಟ್ರೇ, ಇದು ನೀವು ಮಾಡಿದ್ದಲ್ಲ. ನಾನು ಚೆಲ್ಲಿದ್ದು. ಸೋಫಾ ಎಳೆದಿದ್ದೂ ನಾನೇ."

ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೌದಾ? ನಿಜವಾಗ್ಲೂ?" ಎಂದರು. ಆಮೇಲೆ ಅವರ ಮುಖ ಅರಳಿತು. ಕೋಪದ ಸುಳಿವೂ ಇರಲಿಲ್ಲ. ತಾನು ಬಚ್ಚಿಡುವ ಮನುಷ್ಯನಲ್ಲ ಎಂದು ತಿಳಿದದ್ದೇ ಅವರಿಗೆ ಸಾಕಾಗಿತ್ತು. ಎದ್ದು ಹೋಗಿ ಅರ್ಧ ಬಣ್ಣದ ಕುಂಡಗಳ ಬಳಿ ನಿಂತು ಬಂದರು. ಸಂಜೆ ಮನೆಗೆ ಹೋಗುವಾಗ ಚೊಕ್ಕಣ್ಣನಿಗೆ ಮೈ ಹಗುರಾದಂತಿತ್ತು. ಹೇಳಿಯಾಯಿತಲ್ಲ, ಅವರು ಹೆಂಡತಿಗೆ ಹೇಳಿಕೊಳ್ಳುತ್ತಾರೆ ಎಂದುಕೊಂಡ.

ಮೂರನೆಯ ದಿನ ಮೇಷ್ಟ್ರೇ ಬಾಗಿಲು ತೆರೆದರು. ಅವನ ಕೈಯಲ್ಲಿದ್ದ ಬಟ್ಟೆಯ ಕಟ್ಟನ್ನು ನೋಡಿ ಅವರ ಮುಖ ಮತ್ತೆ ಇಳಿಯಿತು. "ನನ್ನಿಂದ ತಪ್ಪಾಗಿದೆಯಪ್ಪಾ," ಎಂದರು. "ಯಾವಾಗ ಚೆಲ್ಲಿದ್ನೋ ನೆನಪಿಲ್ಲ."

ಚೊಕ್ಕಣ್ಣ ಹೊಸ್ತಿಲ ಮೇಲೆಯೇ ನಿಂತುಬಿಟ್ಟ. ಆಗ ಅವನಿಗೆ ತನ್ನ ಬಗ್ಗೆ ಒಂದು ವಿಷಯ ಗೊತ್ತಾಯಿತು. ಮೇಷ್ಟ್ರಿಗೆ ಹೇಳಿದ್ದು ಅವರು ಮರೆಯುತ್ತಾರೆ ಎಂದೇ. ಹಾಗೆ ಯೋಚಿಸಿ ಹೇಳಿರಲಿಲ್ಲ ನಿಜ, ಆದರೆ ಅಂಚೆಯಮ್ಮ ಹೊರಗೆ ಹೋಗುವುದನ್ನೇ ಕಾದು ಹೇಳಿದ್ದು ಸುಳ್ಳಲ್ಲ. ಬಣ್ಣ ಚೆಲ್ಲಿದ್ದಕ್ಕಿಂತ, ಸೋಫಾ ಎಳೆದದ್ದಕ್ಕಿಂತ, ಇದೇ ಅವನನ್ನು ಹೆಚ್ಚು ಕುಗ್ಗಿಸಿತು. ಇಂದಿಗೂ ಅದನ್ನು ಹೇಳುವಾಗ ಅವನು ಎದುರಿನವರನ್ನು ಬಿಟ್ಟು ಬೇರೆಲ್ಲೋ ನೋಡುತ್ತಾನೆ.

ನೇರ ಅಡುಗೆಮನೆಗೆ ಹೋದ. ಅಂಚೆಯಮ್ಮ ಒಲೆಯ ಮೇಲೆ ಟೀಗೆ ನೀರಿಟ್ಟಿದ್ದರು, ಅವನಿಗೇ.

"ಅಮ್ಮಾ, ಒಲೆ ಆರಿಸಿ. ನನಗೆ ಟೀ ಬೇಡ," ಎಂದ. "ಕಾರ್ಪೆಟ್ ಹಾಳು ಮಾಡಿದ್ದು ನಾನು. ಕಿಟಕಿಗೆ ಬಳಿಯುವಾಗ ಕೈ ನಡುಗಿ ಚೆಲ್ತು. ನೀವಿರಲಿಲ್ಲ. ಮುಚ್ಚಿಟ್ಟೆ. ನೀವು ಹೊಗಳಿದಾಗ ಸುಮ್ಮನಿದ್ದೆ. ಮೇಷ್ಟ್ರು ತಪ್ಪಾಯ್ತು ಅಂದಾಗ್ಲೂ ಸುಮ್ಮನಿದ್ದೆ. ನಿನ್ನೆ ಅವರಿಗೆ ಹೇಳಿದೆ, ಇವತ್ತು ಅವರಿಗೆ ನೆನಪಿಲ್ಲ."

ಅಂಚೆಯಮ್ಮ ಒಲೆ ಆರಿಸಿದರು. ಬಯ್ಯುತ್ತಾರೆಂದು ಅವನು ಕಾದ. ಅವರು ಬಯ್ಯಲಿಲ್ಲ. ಗೋಡೆಗೆ ಒರಗಿ ನಿಂತು, ನಾನು ಅವರ ಕೈಯಿಂದ ಬ್ರಷ್ ಕಿತ್ತುಕೊಂಡೆನಲ್ಲ ಎಂದರು. ನಲವತ್ತೊಂದು ವರ್ಷದಲ್ಲಿ ನನ್ನ ಹತ್ತಿರ ಒಂದು ಸುಳ್ಳು ಹೇಳದ ಮನುಷ್ಯನನ್ನು, ಬಚ್ಚಿಡೋದು ಯಾವಾಗ ಕಲಿತಿರಿ ಎಂದು ಕೇಳಿದೆನಲ್ಲ ಎಂದರು. ಅದನ್ನು ಚೊಕ್ಕಣ್ಣನಿಗೆ ಹೇಳಿದಂತಿರಲಿಲ್ಲ. ಆಮೇಲೆ ಅವನ ಕಡೆ ತಿರುಗಿದರು.

"ಕಲೆ ಪೂರ್ತಿ ತೆಗೀರಿ. ಆಮೇಲೆ ಒಂದು ಕೆಲಸ ಇದೆ."

ಅವನು ಕತ್ತಲಾಗುವ ಮೊದಲು ಮುಗಿಸಬೇಕೆಂದು ಬಗ್ಗಿದವನು ಎದ್ದದ್ದು ಸಂಜೆ ನಾಲ್ಕು ದಾಟಿದ ಮೇಲೆ. ಬಟ್ಟೆಗೆ ಹಸಿರು ಬರುವುದು ನಿಂತಿತು. ಸೋಪಿನ ನೀರು, ಬರೀ ನೀರು, ಟವೆಲ್, ಅದರ ಮೇಲೆ ಮೇಷ್ಟ್ರ ನಾಲ್ಕು ದಪ್ಪ ಭೂಪಟದ ಪುಸ್ತಕ. ಟವೆಲ್ ಎತ್ತಿದಾಗ ನೇರ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಪಕ್ಕದಿಂದ ಬಗ್ಗಿ ನೋಡಿದರೆ ತೆಳ್ಳಗೆ ಪಾಚಿ ಕಟ್ಟಿದಂತೆ ಸ್ವಲ್ಪ ಉಳಿದಿತ್ತು. ಅದು ಹೋಗಲಿಲ್ಲ, ಹೋಗುವುದೂ ಇಲ್ಲ. ಅದನ್ನು ಅವನೇ ಅಂಚೆಯಮ್ಮನಿಗೆ, ಬಗ್ಗಿ ನೋಡಿ ಎಂದು ತೋರಿಸಿದ.

ಅಂಚೆಯಮ್ಮ ಒಂದು ದೊಡ್ಡ ಹಾಳೆ, ದಪ್ಪ ಪೆನ್ನು ತಂದು ಮೇಜಿನ ಮೇಲಿಟ್ಟರು. ಮೇಷ್ಟ್ರು ಬೆಳಿಗ್ಗೆ ಎದ್ದ ಕೂಡಲೇ ಓದುವಂತೆ ಬರೆಯಬೇಕು ಎಂದರು. ನಾನು ಬರೆದರೆ ಸಮಾಧಾನಕ್ಕೆ ಬರೆದಿದ್ದೇನೆ ಎಂದುಕೊಳ್ಳುತ್ತಾರೆ, ನೀವೇ ಬರೀರಿ ಎಂದರು. ಚೊಕ್ಕಣ್ಣ ಕೂತು ಬರೆದ. ಎಡಗೈಯಿಂದ ಮಣಿಕಟ್ಟು ಹಿಡಿದುಕೊಳ್ಳಲಿಲ್ಲ. ಅಕ್ಷರಗಳು ಅಂಕುಡೊಂಕಾಗಿ, ಸಾಲು ಮೇಲಕ್ಕೂ ಕೆಳಕ್ಕೂ ಹೋಗಿ, ಕೊನೆಗೆ ಹೀಗಾಯಿತು: ‘ಕಿಟಕಿಯ ಹತ್ತಿರ ಕಾರ್ಪೆಟ್ ಮೇಲೆ ಬಣ್ಣ ಚೆಲ್ಲಿದವನು, ಸೋಫಾ ಎಳೆದು ಮುಚ್ಚಿಟ್ಟವನು ಬಣ್ಣ ಹೊಡೆಯುವ ಚೊಕ್ಕಣ್ಣ. ಮೇಷ್ಟ್ರು ಅಲ್ಲ.’ ಅದನ್ನು ಅವನೇ ಬಣ್ಣ ಹೊಡೆದಿದ್ದ ಗೋಡೆಗೆ, ಸೋಫಾದಲ್ಲಿ ಕೂತರೆ ಕಣ್ಣಿಗೆ ಬೀಳುವಂತೆ ಅಂಟಿಸಿದರು. ಆ ಮನೆಗೆ ಬರುವವರೆಲ್ಲ ಓದುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಓದಿದರು ಕೂಡ. ಹಾಲಿನವಳು ಓದಿದಳು, ಗ್ಯಾಸ್ ತಂದವನು ಓದಿದ, ವಾರದಲ್ಲಿ ನಮ್ಮ ಬೀದಿಗೂ ಬಂತು. ಯಾರೋ ಅವನ ಎದುರಿಗೇ ಹಾಲಿನ ಪಾತ್ರೆಯ ಮಾತು ಎತ್ತಿ ನಕ್ಕರು. ಅವನು ಹೌದು ಎಂದಷ್ಟೇ ಹೇಳಿ ನಡೆದ. ಹೆಂಡತಿಗೆ ಕೈಯ ವಿಷಯ ಹೇಳಿದ. ಅವಳಿಗೆ ಗೊತ್ತಿತ್ತಂತೆ, ವರ್ಷದಿಂದ ಅವನ ಲೋಟಕ್ಕೆ ಮುಕ್ಕಾಲೇ ಟೀ ಹಾಕುತ್ತಿದ್ದಳಂತೆ. ಕಿಟಕಿ ಬಾಗಿಲಿನ ಕೆಲಸ ಬಿಟ್ಟ. ಗೋಡೆಗೆ ರೋಲರ್ ಎಳೆಯುವುದು ಮಾತ್ರ ಇಟ್ಟುಕೊಂಡ. ಬಾವಮೈದನಿಗೆ ಕ್ಷಮೆ ಕೇಳಿದ್ದು ಇನ್ನೂ ನಾಲ್ಕು ತಿಂಗಳ ಮೇಲೆ, ಅದೂ ಊಟ ಮಾಡುತ್ತ, ತಟ್ಟೆ ನೋಡಿಕೊಂಡು. ಬಾವಮೈದ, ಸಾರು ತಣ್ಣಗಾಗತ್ತೆ ಊಟ ಮಾಡಿ ಭಾವ ಎಂದ. ಪೂರ್ತಿ ಮನಸ್ಸಿನಿಂದ ಒಪ್ಪಿಕೊಂಡನೋ ಇಲ್ಲವೋ ಚೊಕ್ಕಣ್ಣನಿಗೆ ಗೊತ್ತಿಲ್ಲ.

ಅಂಚೆಯಮ್ಮ ಅವನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಒಳಗಿನ ಕೋಣೆಗೆ ಬೇರೆಯವರು ಬಣ್ಣ ಹೊಡೆದರು. ಆದರೆ ಬರಬೇಡಿ ಎಂದೂ ಹೇಳಲಿಲ್ಲ. ಅವನು ತಿಂಗಳಿಗೊಮ್ಮೆ ಹೋಗಿ ಮೇಷ್ಟ್ರ ಜೊತೆ ಕುಂಡಗಳ ಬಳಿ ಕೂರುತ್ತಾನೆ. ಮೇಷ್ಟ್ರು ಅಟ್ಟದಿಂದ ಇಳಿಸಿಕೊಟ್ಟ ಬ್ರಷ್ ಹಿಡಿದು ನಿಧಾನವಾಗಿ ಬಳಿಯುತ್ತಾರೆ. ಒಂದೊಂದು ಹನಿ ನೆಲಕ್ಕೆ ಬೀಳುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಹೋದ ಸಲ ಅವರು ಅವನನ್ನು ಒಳಗೆ ಕರೆದು ಗೋಡೆಯ ಹಾಳೆ ತೋರಿಸಿದರು.

"ನೋಡಿ, ಯಾರೋ ಚೊಕ್ಕಣ್ಣ ಅಂತೆ, ಚೆಲ್ಲಿ ಮುಚ್ಚಿಟ್ಟು ಹೋಗಿದಾನೆ," ಎಂದರು. "ನಿಮಗೇನಾದ್ರೂ ಗೊತ್ತಾ ಅವನು?"

"ನಾನೇ ಮೇಷ್ಟ್ರೇ," ಎಂದ ಚೊಕ್ಕಣ್ಣ.

ಅವರು ಹಾಳೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, "ನೀವಾ?" ಎಂದರು. ಪ್ರತಿ ಸಲವೂ ಅವರು ಹಾಗೆಯೇ ಕೇಳುತ್ತಾರೆ, ಪ್ರತಿ ಸಲವೂ ಅವನು ಹೌದು ಎನ್ನಬೇಕು. ಅಭ್ಯಾಸವಾಗಿರಬೇಕಲ್ಲ ಎಂದು ನಾನು ಕೇಳಿದೆ. ಇಲ್ಲ ಎಂದ.